ಎರಡೂವರೆ ಎಕರೆ ಖುಷ್ಕಿಯಲ್ಲಿ 400 ಗಿಡ: ಮೂರು ವರ್ಷದ ಲೆಕ್ಕ

2022ರ ಮುಂಗಾರಿನಲ್ಲಿ 400 ಸಸಿ ನೆಟ್ಟೆ. 2025ರ ಎಣಿಕೆ ಹೊತ್ತಿಗೆ 271 ಉಳಿದಿದ್ದವು. ನಡುವೆ ಏನೇನಾಯ್ತು ಅಂತ ನೋಟ್‌ಬುಕ್ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಸ್ವಂತ ಜಮೀನಿನಲ್ಲಿ ಮರ ಬೆಳೆಸಬೇಕು, ಸರ್ಕಾರದ ಪ್ರೋತ್ಸಾಹಧನವನ್ನೂ ತಗೋಬೇಕು ಅಂತಿರುವವರಿಗೆ ಉಪಯೋಗ ಆಗಬಹುದು.

ನಮ್ಮ ಹೊಲ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿದೆ. 2 ಎಕರೆ 20 ಗುಂಟೆ. ಕೆಂಪು ಗರಸು ಮಣ್ಣು, ಪೂರ್ವಕ್ಕೆ ಇಳಿಜಾರು, ಬೋರ್‌ವೆಲ್ ಇಲ್ಲ. ಮೊದಲು ರಾಗಿ, ಹುರುಳಿ ಬೆಳೆಯುತ್ತಿದ್ದೆವು. ನಾನು ತುಮಕೂರಿನಲ್ಲಿ ಕೆಲಸಕ್ಕಿದ್ದೇನೆ, ಭಾನುವಾರ ಊರಿಗೆ ಹೋಗುತ್ತೇನೆ, ದಿನಾ ಹೊಲಕ್ಕೆ ಹೋಗೋದು ಅಪ್ಪ. ಅಪ್ಪನಿಗೆ ವಯಸ್ಸಾಯ್ತು, ಪ್ರತಿ ವರ್ಷ ಉತ್ತು ಬಿತ್ತೋದು ಕಷ್ಟ, ಕೂಲಿಗೆ ಜನ ಸಿಗಲ್ಲ, ಹಾಗಂತ ಹೊಲವನ್ನು ಬೀಳು ಬಿಡೋಕೆ ಅವರಿಗೆ ಮನಸ್ಸಿಲ್ಲ. ಅಲ್ಲಿಂದ ಶುರುವಾಯ್ತು ಇದು.

ಯೋಜನೆ ಯಾವುದು

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. 2011-12ರಿಂದ ನಡೆಯುತ್ತಿದೆ, ಅರಣ್ಯ ಇಲಾಖೆಯದು. ಇಲಾಖೆಯ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ತಗೊಂಡು ನಮ್ಮ ಹೊಲದಲ್ಲಿ ನೆಡಬೇಕು. ವರ್ಷ ಕಳೆದ ಮೇಲೆ ಇಲಾಖೆಯವರು ಬಂದು ಎಣಿಸುತ್ತಾರೆ. ಬದುಕಿರುವ ಪ್ರತಿ ಸಸಿಗೆ ಮೊದಲ ವರ್ಷ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ನಮ್ಮ ಖಾತೆಗೆ ಬರುತ್ತದೆ. ಹೆಕ್ಟೇರಿಗೆ 400 ಸಸಿವರೆಗೆ ಮಾತ್ರ. ಒಂದು ಹೆಕ್ಟೇರ್ ಅಂದರೆ ಹತ್ತಿರ ಹತ್ತಿರ ಎರಡೂವರೆ ಎಕರೆ, ಹಾಗಾಗಿ ನಮ್ಮ ಹೊಲಕ್ಕೆ ಸರಿಯಾಗಿ 400 ಬಂತು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ದುಡ್ಡು ಬರೋದು ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ. ನಾನು ಇದನ್ನು ಓದಿದ್ದೆ, ಆದರೆ ಮನಸ್ಸಿಗೆ ಇಳಿದಿರಲಿಲ್ಲ. ಸಸಿ, ಗುಂಡಿ ಅಂತ ಜಾಸ್ತಿ ಯೋಚಿಸಿದೆ, ಮೊದಲ ಎರಡು ಬೇಸಿಗೆ ಬಗ್ಗೆ ಕಡಿಮೆ ಯೋಚಿಸಿದೆ.

ಎಲ್ಲ ಜಾತಿಗೂ ಪ್ರೋತ್ಸಾಹಧನ ಇಲ್ಲ. ನೀಲಗಿರಿ, ಅಕೇಶಿಯ, ಸಿಲ್ವರ್ ಓಕ್, ಸರ್ವೆ, ಸುಬಾಬುಲ್, ರಬ್ಬರ್, ತೆಂಗು, ಅಡಿಕೆ, ನಿಂಬೆ ಜಾತಿ, ಕಸಿ ಮಾವು, ಇವು ಲೆಕ್ಕಕ್ಕೆ ಬರಲ್ಲ. ಪಕ್ಕದ ಹೊಲದ ಅಣ್ಣ ಬದುವಿನ ಮೇಲೆ ಸಿಲ್ವರ್ ಹಾಕಿದ್ದರು, ಅವರಿಗೆ ಏನೂ ಬರಲಿಲ್ಲ. ಆದರೆ ಅವರಿಗೆ ಇನ್ನೊಂದು ಅನುಕೂಲ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಕಾಗದ ಪತ್ರ

ಅರ್ಜಿ ಹಾಕೋಕೆ ಹೆಚ್ಚು ಕಾಗದ ಬೇಕಿಲ್ಲ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ಫೋಟೊ, ಹೊಲದ ಕೈನಕ್ಷೆ. ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೊಡಬೇಕು.

ನಮಗೆ ತಡೆಯಾದದ್ದು ಪಹಣಿ. ಅದು ತಾತನ ಹೆಸರಿನಲ್ಲೇ ಇತ್ತು. ತಾತ ಹೋಗಿ ಒಂಬತ್ತು ವರ್ಷ ಆಗಿತ್ತು, ಯಾರೂ ಖಾತೆ ಬದಲಾಯಿಸಿರಲಿಲ್ಲ. ಪೌತಿ ಖಾತೆಗೆ ಅರ್ಜಿ ಕೊಟ್ಟೆವು. ಮರಣ ಪತ್ರ, ವಂಶವೃಕ್ಷ, ಚಿಕ್ಕಪ್ಪಂದಿರು ಮತ್ತು ಅತ್ತೆಯ ಒಪ್ಪಿಗೆ ಎಲ್ಲ ಸೇರಿಸಿ 2021ರ ಅಕ್ಟೋಬರಿನಲ್ಲಿ ಕೊಟ್ಟಿದ್ದು ಫೆಬ್ರವರಿಯಲ್ಲಿ ಮುಗಿಯಿತು. ವಂಶವೃಕ್ಷದಲ್ಲಿ ಅತ್ತೆಯ ಹೆಸರು ಆಧಾರ್‌ನಲ್ಲಿರುವ ಹಾಗೆ ಇರಲಿಲ್ಲ, ಅದೊಂದಕ್ಕೇ ತಿಂಗಳು ಹೋಯ್ತು. ನಿಮ್ಮ ಪಹಣಿ ತಾತ ಮುತ್ತಾತನ ಹೆಸರಿನಲ್ಲಿದ್ದರೆ ಗಿಡದ ಯೋಚನೆ ಆಮೇಲೆ, ಮೊದಲು ಇದನ್ನು ಮಾಡಿಸಿಕೊಳ್ಳಿ.

ಫೆಬ್ರವರಿ ಕೊನೆಯಲ್ಲೇ ಇಲಾಖೆಯ ನರ್ಸರಿಗೆ ಹೋಗಿ ಯಾವ ಜಾತಿ ಎಷ್ಟಿದೆ ಅಂತ ನೋಡಿ ಬಂದೆ. ಜೂನ್‌ನಲ್ಲಿ ಹೋದರೆ ಒಳ್ಳೇ ಸಸಿ ಉಳಿದಿರಲ್ಲ. ಕೊನೆಗೆ ಬರೆಸಿದ್ದು ಇಷ್ಟು: ಹೆಬ್ಬೇವು 150, ತೇಗ 60, ಶ್ರೀಗಂಧ 60, ಹೊಂಗೆ 50, ಬೇವು 40, ಮಹಾಗನಿ 40. ಈಗ ಮತ್ತೆ ಬರೆಸೋ ಹಾಗಿದ್ದರೆ ಹೆಬ್ಬೇವು 60ಕ್ಕೆ ಇಳಿಸಿ, ಮಹಾಗನಿ ಪೂರ್ತಿ ಬಿಟ್ಟು, ಹೊಂಗೆ, ಬೇವು, ಹುಣಸೆ, ನೇರಳೆ ಜಾಸ್ತಿ ಮಾಡುತ್ತಿದ್ದೆ. ನೀರಿಲ್ಲದ ಗರಸು ನೆಲಕ್ಕೆ ಈ ನಾಲ್ಕೇ ಸರಿ.

ಏಪ್ರಿಲ್: ಸಾಲು, ಗುಂಡಿ

ಗಿಡದಿಂದ ಗಿಡಕ್ಕೆ 16 ಅಡಿ, ಸಾಲಿನಿಂದ ಸಾಲಿಗೆ 16 ಅಡಿ. ಹೆಕ್ಟೇರಿಗೆ 400 ಅಂದರೆ ಲೆಕ್ಕ ಅಲ್ಲಿಗೇ ಬರುತ್ತದೆ. ಮಧ್ಯದಲ್ಲಿ ಟ್ರ್ಯಾಕ್ಟರ್ ಓಡಾಡೋಕೂ ಜಾಗ ಆಗುತ್ತದೆ, ಎರಡು ವರ್ಷ ಹುರುಳಿ ಬಿತ್ತಬಹುದು.

ಸಾಲು ಇಳಿಜಾರಿಗೆ ಅಡ್ಡ ಇರಬೇಕು. ಇಳಿಜಾರಿನ ಉದ್ದಕ್ಕೆ ಹಾಕಿದರೆ ಮಳೆನೀರು ಸಾಲಿನಲ್ಲೇ ಹರಿದು ಮೇಲ್ಮಣ್ಣು ಹೋಗುತ್ತದೆ. ಕಣ್ಣಂದಾಜಿಗೆ ಇದು ಸರಿಯಾಗಿ ಸಿಗಲ್ಲ. ಊರಿನ ಗಾರೆ ಕೆಲಸದವರೊಬ್ಬರಿಂದ ಲೆವೆಲ್ ಪೈಪ್ ತಂದೆವು, ಮನೆ ಪಾಯ ಹಾಕುವಾಗ ನೀರು ತುಂಬಿಸಿ ಮಟ್ಟ ನೋಡುತ್ತಾರಲ್ಲ, ಅದೇ. ಒಂದು ತುದಿ ಅಪ್ಪ ಹಿಡಿದರು, ಇನ್ನೊಂದು ನಾನು. ಎರಡೂ ಕಡೆ ನೀರು ಒಂದೇ ಗುರುತಿಗೆ ನಿಂತ ಕಡೆ ಗೂಟ. ಒಂದೂವರೆ ದಿನ ಹಿಡಿಯಿತು, ಆದರೆ ಇಡೀ ಕೆಲಸದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟ ಒಂದೂವರೆ ದಿನ ಅದು, ಮಳೆ ಬಂದಾಗ ಪ್ರತಿ ಸಾಲಿನ ಹತ್ತಿರ ನೀರು ನಿಂತು ಇಂಗುವುದನ್ನು ಕಣ್ಣಾರೆ ನೋಡಿದ್ದೇನೆ.

ಗುಂಡಿಗೆ ಟ್ರ್ಯಾಕ್ಟರ್‌ಗೆ ಹಾಕುವ ಡ್ರಿಲ್ ಮಿಷನ್ ಕರೆಸಿದೆ. ಒಂದೂವರೆ ಅಡಿ ಅಗಲ, ಎರಡು ಅಡಿ ಆಳ, ಗುಂಡಿಗೆ 25 ರೂಪಾಯಿ, ಒಟ್ಟು 10,000. ಎರಡೇ ದಿನಕ್ಕೆ ಮುಗಿಯಿತು. ಆದರೆ ಹೊಲದ ಕೆಳಗಿನ ಮೂಲೆಯಲ್ಲಿ ಜೇಡಿ ಜಾಸ್ತಿ, ಅಲ್ಲಿ ಡ್ರಿಲ್ ತಿರುಗಿದ ಗುಂಡಿಯ ಗೋಡೆ ಮಡಕೆ ಒಳಗಿನ ಹಾಗೆ ನುಣ್ಣಗೆ ಆಗಿ, ಬಿಸಿಲಿಗೆ ಒಣಗಿ ಗಟ್ಟಿಯಾಗಿತ್ತು. ಬೆರಳಲ್ಲಿ ಕೆರೆದರೆ ಉದುರುತ್ತಿರಲಿಲ್ಲ. ಅಂಥ ಗುಂಡಿಯಲ್ಲಿ ಬೇರು ಹೊರಗೆ ಹೋಗಲಾರದೆ ಅಲ್ಲೇ ಸುತ್ತುತ್ತದೆ, ಮಳೆ ನೀರೂ ಇಂಗಲ್ಲ. ಹಾರೆ ತಗೊಂಡು ಒಂದೊಂದು ಗುಂಡಿಯ ಗೋಡೆಗೂ ನಾಲ್ಕು ಕಡೆ ಪೆಟ್ಟು ಹಾಕಿ ಒಡೆದೆವು. ಮಿಷನ್ ಗುಂಡಿ ತೆಗೆಸುವವರು ಇದನ್ನು ಮರೆಯಬೇಡಿ.

ಗುಂಡಿ ಒಂದೂವರೆ ತಿಂಗಳು ಬಿಸಿಲು ಕಾಯಲಿ ಅಂತ ಹಾಗೇ ಬಿಟ್ಟೆವು. ಆ ವರ್ಷ ಮೇ ತಿಂಗಳಲ್ಲೇ ಜೋರು ಮಳೆ ಬಂತು. ಮಳೆ ನಿಂತ ಮೇಲೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ಗುಂಡಿಗೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿದೆವು. ಗೊಬ್ಬರ ಎರಡು ಟ್ರ್ಯಾಕ್ಟರ್ ಲೋಡ್ 8,000, ಹಿಂಡಿ 1,400. ರಸ್ತೆ ಕಡೆಯ ಎರಡು ಬದಿಗೆ ಜೆಸಿಬಿಯಲ್ಲಿ ಕಂದಕ ತೆಗೆಸಿದೆ, 4 ಗಂಟೆ, 4,400. ಮಣ್ಣನ್ನು ಒಳಗಡೆ ಏರಿ ಹಾಕಿಸಿ ಅದರ ಮೇಲೆ ಕತ್ತಾಳೆ ಕಂದು ನೆಟ್ಟೆವು. ಮುಳ್ಳುತಂತಿಗೆ ದುಡ್ಡಿರಲಿಲ್ಲ, ಈಗ ನೋಡಿದರೆ ಬೇಕೂ ಇರಲಿಲ್ಲ, ಕತ್ತಾಳೆ ಚೆನ್ನಾಗಿ ಹಬ್ಬಿದೆ, ಮೇಕೆಗಳು ದಾಟಲ್ಲ.

ಆರಿದ್ರ ಮಳೆ: ನೆಟ್ಟಿದ್ದು

ಜೂನ್ ಕೊನೆ ವಾರ, ಆರಿದ್ರ. ಮಣ್ಣು ಒಂದು ಅಡಿ ಆಳದವರೆಗೂ ತೇವ ಇದೆಯೇ ಅಂತ ಹಾರೆ ಇಳಿಸಿ ನೋಡಿ, ಆಮೇಲೆ ಸಸಿ ತಂದೆ. ಎರಡು ದಿನದಲ್ಲಿ ಆರು ಆಳಿನ ಕೆಲಸ, 3,000 ಕೂಲಿ.

ನೆಡುವಾಗ ಗೊತ್ತಾದ ದೊಡ್ಡ ವಿಷಯ ಬೇರಿನದು. ಮೊದಲ ದಿನ ಎಲ್ಲರೂ ಮಾಡುವ ಹಾಗೆ ಪ್ಲಾಸ್ಟಿಕ್ ಚೀಲ ಹರಿದು, ಹೆಂಟೆ ಒಡೆಯದ ಹಾಗೆ ಗುಂಡಿಗಿಟ್ಟು, ಮಣ್ಣು ತುಳಿದೆವು. ಎರಡನೇ ದಿನ ನರ್ಸರಿ ಕೆಲಸದ ಅನುಭವ ಇದ್ದ ಒಬ್ಬ ಅಜ್ಜ ಬಂದಿದ್ದರು. ಅವರು ಚೀಲದ ತಳ ತೋರಿಸಿ, "ಇಲ್ನೋಡು ಮಗಾ, ಇದನ್ನ ಹಿಂಗೇ ಇಟ್ರೆ ಬೇರು ಕೆಳಕ್ಕೆ ಇಳಿಯಲ್ಲ" ಅಂದರು. ತಾಯಿಬೇರು ಚೀಲದ ತಳಕ್ಕೆ ತಾಗಿ, ದಾರಿ ಸಿಗದೆ, ಸಿಂಬೆ ಸುತ್ತಿದ ಹಾಗೆ ಸುತ್ತಿಕೊಂಡಿತ್ತು. ಅವರು ಬ್ಲೇಡಿನಲ್ಲಿ ತಳದ ಅರ್ಧ ಇಂಚು ಮಣ್ಣನ್ನು ಬೇರಿನ ಸುರುಳಿ ಸಮೇತ ಕೊಯ್ದು ತೆಗೆದು, ಪಕ್ಕಕ್ಕೆ ಎರಡು ಕಡೆ ಉದ್ದಕ್ಕೆ ಗೀರು ಹಾಕಿ ಇಟ್ಟರು. ಹಾಗೆ ನೆಟ್ಟದ್ದು ಕೊನೆಯ 120 ಸಸಿ ಮಾತ್ರ. ಮರುವರ್ಷ ಸತ್ತುಹೋದ ಒಂದು ಹೆಬ್ಬೇವನ್ನು ಕಿತ್ತು ನೋಡಿದೆ. ಮೊದಲ ದಿನ ನೆಟ್ಟದ್ದು. ಹದಿನಾಲ್ಕು ತಿಂಗಳಾಗಿದ್ದರೂ ಬೇರು ಇನ್ನೂ ಚೀಲದ ಆಕಾರದಲ್ಲೇ ಇತ್ತು, ಕೆಳಗೆ ಅದೇ ಸಿಂಬೆ. ಅಜ್ಜ ಒಂದು ದಿನ ಮುಂಚೆ ಬಂದಿದ್ದರೆ ಅಂತ ಇವತ್ತಿಗೂ ಅನ್ನಿಸುತ್ತದೆ.

ಶ್ರೀಗಂಧದ ಕೆಲಸ ಬೇರೆ. ಅದು ಅರೆ ಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿ ಅದರಿಂದ ಆಹಾರ ತಗೊಳ್ಳುತ್ತದೆ. ಹಾಗಾಗಿ ಪ್ರತಿ ಗಂಧದ ಸಸಿಗೆ ಒಂದು ಅಡಿ ದೂರದಲ್ಲಿ ಎರಡು ತೊಗರಿ ಕಾಳು ಊರಿದೆವು. ತೊಗರಿ ಇರುವ ತನಕ ಅದರ ಆಸರೆ, ಆಮೇಲೆ ಪಕ್ಕದ ಸಾಲಿನ ಹೊಂಗೆಯ ಆಸರೆ ಅನ್ನೋ ಲೆಕ್ಕ. ಜನವರಿಯಲ್ಲಿ ತೊಗರಿ ಕಾಯಿ ಬಲಿತಾಗ ಅತ್ತೆ ಬಂದು ಒಂದು ಸಾಲಿನ ಗಿಡ ಬೇರುಸಮೇತ ಕಿತ್ತು ಕಟ್ಟು ಕಟ್ಟಿದರು. ನಾವು ಹೇಳಿರಲಿಲ್ಲ, ಅವರಿಗೆ ಅದು ಬೆಳೆ ಅಷ್ಟೇ. ಮೂರೇ ವಾರಕ್ಕೆ ಆ ಸಾಲಿನ ಗಂಧದ ಎಲೆ ಎಲ್ಲ ಹಳದಿಗೆ ತಿರುಗಿತು, ತುದಿ ಒಣಗಲು ಶುರುವಾಯ್ತು. ಹೊಂಗೆ ಬೇರು ಇನ್ನೂ ಅಲ್ಲಿವರೆಗೆ ಬಂದಿರಲಿಲ್ಲ. ಮತ್ತೆ ತೊಗರಿ ಊರಿ, ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ, ಒಂಬತ್ತರಲ್ಲಿ ಆರನ್ನು ಉಳಿಸಿಕೊಂಡೆವು. ತೊಗರಿ ಕಾಯಿ ಮಾತ್ರ ಬಿಡಿಸಿಕೊಳ್ಳಿ, ಗಿಡ ಕೀಳಬೇಡಿ.

ಮೊದಲ ವರ್ಷ ಸತ್ತದ್ದು 59

2022ರ ಆಗಸ್ಟಿನಲ್ಲಿ ಮಳೆ ಬಿಡಲೇ ಇಲ್ಲ. ಕೆಳಗಿನ ಮೂಲೆಯಲ್ಲಿ ಹತ್ತು ಹನ್ನೆರಡು ದಿನ ನೀರು ನಿಂತು 22 ಸಸಿ ಕೊಳೆತವು, ಹೆಚ್ಚಿನವು ಹೆಬ್ಬೇವು ಮತ್ತು ಗಂಧ. ನೀರು ಹೊರಗೆ ಹೋಗೋಕೆ ಬಸಿಗಾಲುವೆ ಮೊದಲೇ ತೆಗೆಯಬೇಕಿತ್ತು. ಹುರುಳಿ ಬಿತ್ತುವಾಗ ಟ್ರ್ಯಾಕ್ಟರ್‌ಗೆ ಸಿಕ್ಕಿ 11 ಹೋದವು. ಹುಲ್ಲು ಎತ್ತರ ಬೆಳೆದಿತ್ತು, ಡ್ರೈವರ್‌ಗೆ ಸಸಿ ಕಾಣಿಸಲಿಲ್ಲ. ಆಮೇಲೆ ಪ್ರತಿ ಸಸಿ ಪಕ್ಕ ಮೂರಡಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿದೆವು. ಮೊಲ ಕಡಿದದ್ದು, ತೊಗರಿ ಕಿತ್ತ ಮೇಲೆ ಒಣಗಿದ ಗಂಧ, ಕಾರಣ ಗೊತ್ತಾಗದ್ದು ಎಲ್ಲ ಸೇರಿ 7.

ಉಳಿದ 19 ಗೆದ್ದಲಿಗೆ ಹೋದದ್ದು. ಇದು ನಾನೇ ತಂದುಕೊಂಡದ್ದು. ನಮ್ಮ ಕಡೆ ತೆಂಗಿನಕಾಯಿ ಮಟ್ಟೆಗೆ ಬರ ಇಲ್ಲ, ತೇವ ಹಿಡಿದಿಡಲಿ ಅಂತ ಪ್ರತಿ ಗಿಡದ ಬುಡಕ್ಕೆ ಮಟ್ಟೆ ಹಾಸಿದೆ. ಒಳ್ಳೇದೇ, ಆದರೆ ಕಾಂಡಕ್ಕೆ ತಾಗಿಸಿ ಹಾಸಿದ್ದೆ. ಮಟ್ಟೆಗೆ ಬಂದ ಗೆದ್ದಲು ಹಾಗೇ ಕಾಂಡಕ್ಕೆ ಮಣ್ಣು ಮೆತ್ತಿ, ನೆಲಮಟ್ಟದಲ್ಲಿ ಸುತ್ತಲೂ ತೊಗಟೆ ತಿಂದಿತ್ತು. ಮೇಲೆ ಎಲೆ ಹಸಿರಾಗೇ ಇತ್ತು. ಸುಮ್ನೆ ಮುಟ್ಟಿದರೆ ಗಿಡ ಕೈಗೆ ಬಂತು. ಮಟ್ಟೆಯನ್ನೆಲ್ಲ ಒಂದು ಗೇಣು ಹಿಂದಕ್ಕೆ ಸರಿಸಿ, ಬುಡಕ್ಕೆ ಬೇವಿನ ಹಿಂಡಿ ಹಾಕಿದ ಮೇಲೆ ನಿಂತಿತು.

2023: ಬರ

ಹಿಂದಿನ ವರ್ಷ ಕೊಳೆಯುವಷ್ಟು ಮಳೆ, ಈ ವರ್ಷ ಆಕಾಶ ಬಿಳಿಚಿಕೊಂಡೇ ಇತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದ ವರ್ಷ. ಜುಲೈನಲ್ಲಿ ಸ್ವಲ್ಪ ಬಿತ್ತು, ಆಗಸ್ಟ್ ಪೂರ್ತಿ ಒಣಗಿತು, ನಮ್ಮ ಕಡೆ ನಂಬುವ ಹಸ್ತ ಚಿತ್ತೆ ಮಳೆಗಳೂ ಕೈಕೊಟ್ಟವು.

ಟ್ಯಾಂಕರ್ ತರಿಸಿದೆವು. 5,000 ಲೀಟರಿಗೆ 900 ರೂಪಾಯಿ. 340 ಗಿಡಕ್ಕೆ ಹಂಚಿದರೆ ಗಿಡಕ್ಕೆ ಹದಿನಾಲ್ಕು ಲೀಟರ್ ಚಿಲ್ಲರೆ. ಮೇಲೆ ಪಾತಿಗೆ ಸುರಿದರೆ ಅರ್ಧ ಬಿಸಿಲಿಗೇ ಹೋಗುತ್ತದೆ ಅಂತ ಅಪ್ಪ ಒಂದು ಉಪಾಯ ಮಾಡಿದರು. ಎರಡು ಅಡಿ ಉದ್ದದ ಹಳೇ ಪಿವಿಸಿ ಪೈಪ್ ತುಂಡನ್ನು ಗಿಡದಿಂದ ಒಂದಡಿ ದೂರದಲ್ಲಿ ಓರೆಯಾಗಿ ಹೂತು, ಒಳಗೆ ಜಲ್ಲಿ ಹಾಕಿ, ಅದರ ಬಾಯಿಗೆ ನೀರು ಬಿಡೋದು. ನೀರು ನೇರ ಬೇರಿನ ಮಟ್ಟಕ್ಕೆ ಇಳಿಯುತ್ತದೆ, ಮೇಲೆ ಮಣ್ಣು ಒಣಗಿರುತ್ತದೆ, ಕಳೆ ಬರಲ್ಲ. ಪೈಪ್ ಸಿಕ್ಕಿದ್ದು 90 ಗಿಡಕ್ಕೆ ಮಾತ್ರ. ಆ 90ರಲ್ಲಿ ಬರದಲ್ಲಿ ಸತ್ತದ್ದು 4. ಉಳಿದ 251ರಲ್ಲಿ ಸತ್ತದ್ದು 54.

ಎರಡೂ ಬೇಸಿಗೆ ಸೇರಿ 14 ಟ್ಯಾಂಕರ್, 12,600 ರೂಪಾಯಿ. ಇನ್ನೂ ನಾಲ್ಕು ಟ್ಯಾಂಕರ್ ಹೆಚ್ಚು ತರಿಸಿದ್ದರೆ 3,600 ಆಗುತ್ತಿತ್ತು, ಬಹುಶಃ ಇನ್ನೊಂದು 25 ಗಿಡ ಉಳಿಯುತ್ತಿದ್ದವು. ಕೈಯಲ್ಲಿ ದುಡ್ಡಿರಲಿಲ್ಲ.

ಫೆಬ್ರವರಿಯಲ್ಲಿ ಹೊಲದ ಸುತ್ತ ಹತ್ತು ಅಡಿ ಅಗಲಕ್ಕೆ ಹುಲ್ಲು ಕೆರೆದು ಉಳುಮೆ ಮಾಡಿಸಿ ಬೆಂಕಿಗೆ ದಾರಿ ಇಲ್ಲದ ಹಾಗೆ ಮಾಡಿಕೊಂಡೆವು. ಮಾರ್ಚಿನಲ್ಲಿ ಪಕ್ಕದ ಬೀಳಿಗೆ ಬೆಂಕಿ ಬಿದ್ದಾಗ ನಮ್ಮ ಗಡಿಗೆ ಬಂದು ನಿಂತಿತು.

ಎಣಿಕೆ ಮತ್ತು ದುಡ್ಡು

ಎಣಿಸಲು ಬರುವವರಿಗೆ ನಮ್ಮದೊಂದೇ ಹೊಲ ಅಲ್ಲ, ದಿನಕ್ಕೆ ನಾಲ್ಕೈದು ಇರುತ್ತವೆ. ಹುಲ್ಲಿನೊಳಗೆ ಮುಚ್ಚಿಹೋದ ಸಸಿಯನ್ನು ಅವರು ಹುಡುಕಲಿ ಅಂತ ಕಾಯೋದು ಸರಿಯಲ್ಲ. ನಾನು ಪ್ರತಿ ಸಾಲಿನ ಮೊದಲ ಕೋಲಿಗೆ ತಗಡು ಕಟ್ಟಿ ಅ, ಆ, ಇ, ಈ ಅಂತ ಪೇಂಟಲ್ಲಿ ಬರೆದಿದ್ದೆ. ನೋಟ್‌ಬುಕ್ಕಿನಲ್ಲಿ ಸಾಲಿಗೊಂದು ಪುಟ, ಗಿಡಕ್ಕೊಂದು ಚೌಕ, ಜಾತಿ, ಬದುಕಿದೆಯೋ ಇಲ್ಲವೋ. ಎಣಿಕೆಗೆ ಮೂರು ದಿನ ಮುಂಚೆ ಬುಡ ಬಿಡಿಸಿ ಸಾಲು ಕಾಣುವ ಹಾಗೆ ಮಾಡಿದ್ದೆವು. ಅವರು ಎಣಿಸಿದ್ದು 341, ನಮ್ಮ ಪುಸ್ತಕದಲ್ಲೂ 341. ಒಂದೂವರೆ ಗಂಟೆಯಲ್ಲಿ ಮುಗಿಯಿತು.

341ಕ್ಕೆ 35ರಂತೆ 11,935. ಆದರೆ ಆ ದುಡ್ಡು ಬರೋಕೆ ಐದು ತಿಂಗಳು ಹಿಡಿಯಿತು. ಅಪ್ಪನ ಬ್ಯಾಂಕ್ ಇನ್ನೊಂದರ ಜೊತೆ ವಿಲೀನ ಆಗಿ ಐಎಫ್‌ಎಸ್‌ಸಿ ಕೋಡ್ ಬದಲಾಗಿತ್ತು, ನಾವು ಕೊಟ್ಟಿದ್ದು ಹಳೇ ಪಾಸ್‌ಬುಕ್ಕಿನ ಜೆರಾಕ್ಸ್. ಹೊಸ ಪಾಸ್‌ಬುಕ್ ಕೊಟ್ಟು, ಖಾತೆಗೆ ಆಧಾರ್ ಜೋಡಿಸಿದ ಮೇಲೆ ಬಂತು. 2024ರಲ್ಲಿ 283ಕ್ಕೆ 11,320. 2025ರಲ್ಲಿ 271ಕ್ಕೆ 13,550. ಒಟ್ಟು 36,805.

ಖರ್ಚು ಕೂಡಿಸಿದರೆ ಗುಂಡಿ, ಗೊಬ್ಬರ, ಹಿಂಡಿ, ಜೆಸಿಬಿ, ಕೂಲಿ, ನೀರು ಸೇರಿ 39,400. ಸಸಿ ಬೆಲೆ, ಸಾಗಣೆ, ನಮ್ಮ ಮನೆಯವರ ದುಡಿಮೆ ಇದರಲ್ಲಿಲ್ಲ. ಅಂದರೆ ಖರ್ಚಿನ ಹೆಚ್ಚು ಭಾಗವನ್ನು ಪ್ರೋತ್ಸಾಹಧನ ತುಂಬಿಕೊಟ್ಟಿದೆ, ಆದರೆ ಎಲ್ಲವನ್ನೂ ಮೊದಲು ಕೈಯಿಂದ ಹಾಕಬೇಕು. ನಮ್ಮ ಖರ್ಚಿನಲ್ಲಿ 26,800 ರೂಪಾಯಿ ಮೊದಲ ಮೂರು ತಿಂಗಳಲ್ಲೇ ಆಗಿದ್ದು.

ಉಳಿದ 271ರಲ್ಲಿ ಹೆಬ್ಬೇವು 78, ತೇಗ 47, ಹೊಂಗೆ 48, ಬೇವು 38, ಗಂಧ 38, ಮಹಾಗನಿ 22. ಹೊಂಗೆ 50ರಲ್ಲಿ 48 ಬದುಕಿದೆ, ಹೆಬ್ಬೇವು 150ರಲ್ಲಿ 78. ಹೊಂಗೆಗೆ ನಾಟಾ ಬೆಲೆ ಇಲ್ಲ ಅಂತ ಎಲ್ಲರೂ ಹೇಳಿದ್ದರು. ಆದರೆ ನೆರಳು, ಸೊಪ್ಪು, ಗೊಬ್ಬರ, ಗಂಧಕ್ಕೆ ಆಸರೆ, ಎಲ್ಲ ಅದರಿಂದಲೇ ಅಲ್ವಾ. ಬರದಲ್ಲಿ ನಮ್ಮ ಹೊಲದಲ್ಲಿ ಹಸಿರು ಅಂತ ಇದ್ದದ್ದು ಅದೊಂದೇ.

ಕಡಿಯುವ ಮಾತು

ಮೊದಲು ಹೇಳಿದ ಅಣ್ಣನ ಸಿಲ್ವರ್ ವಿಷಯಕ್ಕೆ ಬರುತ್ತೇನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಜಮೀನಿನ ಮರ ಕಡಿಯೋಕೂ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ಸರ್ವೆ, ಸುಬಾಬುಲ್ ಥರದ ಕೆಲವು ಜಾತಿಗೆ ಮಾತ್ರ ವಿನಾಯಿತಿ. ಪ್ರೋತ್ಸಾಹಧನ ಸಿಗದ ಮರಗಳಲ್ಲಿ ಹಲವನ್ನು ಕಡಿಯೋದು ಸುಲಭ, ಪ್ರೋತ್ಸಾಹಧನ ಸಿಗುವ ತೇಗಕ್ಕೆ ಕಾಗದ ಬೇಕು. ಶ್ರೀಗಂಧ 2001ರ ತಿದ್ದುಪಡಿ ಆದ ಮೇಲೆ ಜಮೀನಿನ ಮಾಲೀಕರದ್ದೇ, ಆದರೂ ಕಡಿಯೋಕೆ, ಸಾಗಿಸೋಕೆ ಇಲಾಖೆ ಅನುಮತಿ ಬೇಕೇ ಬೇಕು. ಗಂಧ ಬಲಿಯುವ ಹೊತ್ತಿಗೆ ಕಳ್ಳರ ಭಯವೂ ಇದೆ, ಮನೆ ಹೊಲದಲ್ಲೇ ಇಲ್ಲದವರು 60 ಗಂಧ ಹಾಕಬಾರದಿತ್ತು ಅಂತ ಈಗ ನನಗೆ ಅನ್ನಿಸುತ್ತದೆ.

ಹಾಗಾಗಿ ಮರಗಳನ್ನು ಪಹಣಿಯಲ್ಲಿ ಬರೆಸಲು ಕಳೆದ ತಿಂಗಳು ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟಿದ್ದೇವೆ. ಸಸಿ ತಗೊಂಡ ರಸೀದಿ, ಮೂರು ವರ್ಷದ ಎಣಿಕೆ ಪ್ರತಿ, ಪ್ರತಿ ವರ್ಷ ಅದೇ ಜಾಗದಲ್ಲಿ ನಿಂತು ತೆಗೆದ ಫೋಟೊ, ಎಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. ಮುಂದೆ ಇದು ಯಾರು ನೆಟ್ಟದ್ದು ಅನ್ನೋ ಪ್ರಶ್ನೆ ಬರಬಾರದು.

ಹೋದ ಭಾನುವಾರ ಹೆಬ್ಬೇವಿನ ಪಕ್ಕದ ರೆಂಬೆ ಸವರಿದೆವು. ಚೆನ್ನಾಗಿರುವುದರ ಸುತ್ತಳತೆ ಎದೆಮಟ್ಟದಲ್ಲಿ 15 ಇಂಚು ಬಂದಿದೆ, ಎಲ್ಲಕ್ಕಿಂತ ದಪ್ಪ ಇರುವುದು ಪೈಪ್ ಹಾಕಿದ ಸಾಲಿನದು. ಖಾಲಿಯಾದ 129 ಗುಂಡಿಯಲ್ಲಿ 60ಕ್ಕೆ ಹುಣಸೆ, ನೇರಳೆ ಸಸಿ ನಮ್ಮ ಖರ್ಚಿನಲ್ಲೇ ಹಾಕುವುದಿದೆ. ಅಪ್ಪ ಈಗಾಗಲೇ ಊರಿನ ಹಳೇ ಮನೆ ಒಡೆದ ಕಡೆಯಿಂದ ಪಿವಿಸಿ ಪೈಪ್ ತುಂಡು 40 ತಂದು ಕೊಟ್ಟಿಗೆ ಮೂಲೆಯಲ್ಲಿ ಜೋಡಿಸಿದ್ದಾರೆ, ಇನ್ನು 20 ಬೇಕು.